ಓದಿದ್ದಕ್ಕೂ ಬರೆಯಬೇಕೆ?

ನಮ್ಮಪ್ಪ ಕ್ಯಾಸೆಟ್ಟಿನ ಕಿವಿ ಮುರಿಯುತ್ತಿದ್ದರು. ಈಗಿನ ಹುಡುಗರಿಗೆ ಈ ಮಾತು ಅರ್ಥವಾಗಲಿಕ್ಕಿಲ್ಲ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತಿತ್ತು, ಹೆಚ್ಚೆಂದರೆ ಕಡಲೆಬೇಳೆಯ ಅಗಲ. ಅದನ್ನು ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿ ಮುರಿದರೆ ಆ ಮಗ್ಗುಲಿನ ಮೇಲೆ ಮತ್ತೆ ಯಾರೂ ರೆಕಾರ್ಡ್ ಮಾಡುವಂತಿಲ್ಲ. ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಎಷ್ಟು ಒತ್ತಿದರೂ ಕೆಳಗಿಳಿಯುವುದಿಲ್ಲ. ಸಾಗರದ ಸುತ್ತಮುತ್ತ ಎಲ್ಲಿ ತಾಳಮದ್ದಲೆ ನಡೆದರೂ ಅಪ್ಪ ಅಲ್ಲಿರುತ್ತಿದ್ದರು, ಮಡಿಲಲ್ಲಿ ಟೇಪ್‌ರೆಕಾರ್ಡರು. 90 ನಿಮಿಷದ ಕ್ಯಾಸೆಟ್ಟು, 45 ನಿಮಿಷಕ್ಕೊಮ್ಮೆ ಮಗುಚಬೇಕು. ಕೃಷ್ಣಸಂಧಾನದ ಕೌರವ ಎಷ್ಟೇ ಬಿರುಸಾಗಿ ಮಾತಾಡುತ್ತಿರಲಿ, ಅಪ್ಪನ ಒಂದು ಕಣ್ಣು ರೀಲಿನ ಮೇಲೆಯೇ. ಬೆಳಿಗ್ಗೆ ಮನೆಗೆ ಬಂದವರು ಕಾಫಿಗೂ ಮೊದಲು ಮಾಡುವ ಕೆಲಸ ಆ ಕಿವಿ ಮುರಿಯುವುದು. ನಾವು ಮಕ್ಕಳು ಅದರ ಮೇಲೆ ಸಿನಿಮಾ ಹಾಡು ತುಂಬಿಸಿಬಿಟ್ಟೇವು ಎಂಬ ಭಯ. ಆ ಭಯಕ್ಕೆ ಕಾರಣವೂ ಇತ್ತು.

ಆದರೆ ಕಿವಿ ಮುರಿದರೂ ಕ್ಯಾಸೆಟ್ಟು ಉಳಿಯುವುದಿಲ್ಲ. ಅದು ಕೇಳಿದಷ್ಟೂ ಸವೆಯುವ ವಸ್ತು. ಟೇಪು ಯಂತ್ರದ ಹೆಡ್ಡಿಗೆ ಉಜ್ಜಿಕೊಂಡೇ ಹಾಯಬೇಕು. ಹಾದಷ್ಟು ಸಲ ಅದರ ಕಂದು ಪುಡಿ ಉದುರುತ್ತದೆ. ಹೆಚ್ಚು ಪ್ರೀತಿಯ ಕ್ಯಾಸೆಟ್ಟೇ ಮೊದಲು ಹಾಳಾಗುತ್ತದೆ. ಅಪ್ಪ ಹೋದ ಮೇಲೆ, 2016ರಲ್ಲಿ, ಅಕ್ಕನ ಮಗನೂ ನಾನೂ ಕೂತು ಉಳಿದ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆವು. ತಾಳಮದ್ದಲೆ, ಮನೆಯ ಹಬ್ಬದ ಹಾಡು, ಅಜ್ಜಿಯ ಸೋಬಾನೆ, ನಡುನಡುವೆ ಅಪ್ಪನ ಕೆಮ್ಮು, ಕ್ಯಾಸೆಟ್ಟು ಹಾಕಿದ ದಿನ ಊರು ಹೇಳುವ ಅವರ ದನಿ. ಇದರ ಜೊತೆಗೆ ಅಮ್ಮನಿಗೆ ಬೇಕಾದ ದೇವರನಾಮ, ಭಾವಗೀತೆ, ನನ್ನ ಒಂದಿಷ್ಟು ಸಿನಿಮಾ ಹಾಡು. ಎಲ್ಲ ಸೇರಿ 6,000 ಫೈಲು, 28 ಜಿಬಿ. ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು ತಂದು, ಉಗುರಿನಷ್ಟಗಲದ ಮೆಮೊರಿ ಕಾರ್ಡಿನಲ್ಲಿ ಇಷ್ಟನ್ನೂ ತುಂಬಿ, ಹಳೆಯ ಸ್ಪೀಕರಿಗೆ ತಂತಿ ಸಿಕ್ಕಿಸಿ ಅಮ್ಮನ ಕೋಣೆಯಲ್ಲಿಟ್ಟೆ.

ಕ್ಯಾಸೆಟ್ಟಿನ ರೋಗ ಇದಕ್ಕಿಲ್ಲ ಎಂಬ ನೆಮ್ಮದಿ ನನಗಿತ್ತು. ಕಾರ್ಡಿನೊಳಗಿನ ಫ್ಲ್ಯಾಶ್ ಮೆಮೊರಿಯ ಸ್ವಭಾವ ಟೇಪಿಗೆ ತಿರುವುಮುರುವು: ಓದಿದರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ, ಬರೆದರೆ ಸವೆಯುತ್ತದೆ. ಅಮ್ಮ ಬರೀ ಕೇಳುವವಳು. ಮತ್ತೆ ಸವೆಯುವುದೆಲ್ಲಿ?

ಮೂರನೆಯ ಮಳೆಗಾಲದಲ್ಲಿ ಕಾರ್ಡು ಸತ್ತಿತು. ಆಷಾಢದ ಒಂದು ಸಂಜೆ ಕರೆಂಟು ಹೋಗಿ ಬಂದು, ಹೋಗಿ ಬಂದು, ಕೊನೆಗೊಮ್ಮೆ ಬಂದಾಗ ಪೆಟ್ಟಿಗೆಯ ಹಸಿರು ದೀಪ ಹತ್ತಲಿಲ್ಲ. ಅಮ್ಮ ಫೋನಿನಲ್ಲಿ, "ನಾನೇನೂ ಒತ್ತಿಲ್ಲ ಕಣೋ, ಕೇಳ್ತಾ ಇದ್ದೆ ಅಷ್ಟೆ" ಎಂದಳು. ತಪ್ಪು ತನ್ನದೇನೋ ಎಂಬ ಅಳುಕು ಅವಳ ದನಿಯಲ್ಲಿತ್ತು. ಆ ಅಳುಕೇ ನನ್ನನ್ನು ಈ ವಿಷಯಕ್ಕೆ ಇಳಿಸಿತು. ಕೇಳಿದ್ದಷ್ಟೇ ನಿಜವಾದರೆ, ಕಾರ್ಡಿನ ಮೇಲೆ ಬರೆದವರು ಯಾರು?

ಇಲ್ಲಿ ಸ್ವಲ್ಪ ಕಡತದ ಕಥೆ ಹೇಳಬೇಕು. ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ಕಡತ ಎನ್ನುತ್ತೇವೆ. ಸರ್ಕಾರಿ ಕಚೇರಿಯ ಕೆಂಪು ಟೇಪಿನ ಕಟ್ಟಿಗೂ ಅದೇ ಹೆಸರು. ಮೂಲದ ಕಡತ ಬೇರೆ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಕಪ್ಪನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಉದ್ದನೆಯ ಪುಸ್ತಕ ಅದು. ಬರೆಯುವುದು ಬಳಪದಲ್ಲಿ. ವ್ಯಾಪಾರಿಗಳು, ಮಠಗಳು ತಮ್ಮ ಲೆಕ್ಕಪತ್ರವನ್ನೆಲ್ಲ ಅದರಲ್ಲಿಡುತ್ತಿದ್ದರು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇವತ್ತಿಗೂ ಬಿಡಿಸಿ ಓದುತ್ತಾರೆ. ಕಡತದ ದೊಡ್ಡ ಗುಣವೆಂದರೆ ಒರೆಸಿ ಮತ್ತೆ ಬರೆಯಬಹುದು. ಒರೆಸಿ ಒರೆಸಿ ಕಪ್ಪು ಸವೆದರೆ ಹೊಸದಾಗಿ ಬಳಿದುಕೊಳ್ಳಬಹುದು.

ಫ್ಲ್ಯಾಶ್ ಕೂಡ ಒಂದು ಬಗೆಯ ಕಡತವೇ. ಆದರೆ ಎರಡು ಕಷ್ಟಗಳಿವೆ. ಒಂದು, ಸವೆದದ್ದಕ್ಕೆ ಮತ್ತೆ ಕಪ್ಪು ಬಳಿಯಲಾಗದು. ಇನ್ನೊಂದು, ಒಂದೇ ಸಾಲನ್ನು ಒರೆಸಲು ಬರುವುದಿಲ್ಲ. ಬರೆಯುವಾಗ ಪುಟದ ಲೆಕ್ಕ, ಕೆಲವು ಕಿಲೋಬೈಟು. ಅಳಿಸುವಾಗ ಇಡೀ ಮಡಿಕೆಯ ಲೆಕ್ಕ, ನೂರಾರು ಕಿಲೋಬೈಟಿನಿಂದ ಹಿಡಿದು ಹಲವು ಮೆಗಾಬೈಟಿನವರೆಗೆ. ಹೆಸರು ಬಂದದ್ದೂ ಅಳಿಸುವ ರೀತಿಯಿಂದಲೇ. ತೋಷಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕಾ ಇದನ್ನು ರೂಪಿಸಿದಾಗ, ಒಂದೇ ಏಟಿಗೆ ಇಡೀ ಭಾಗ ಅಳಿಸಿಹೋಗುವುದು ಕ್ಯಾಮೆರಾದ ಫ್ಲ್ಯಾಶ್ ಮಿಂಚಿದಂತಿದೆ ಎಂದು ಅವರ ಸಹೋದ್ಯೋಗಿ ಶೋಜಿ ಅರಿಜುಮಿ ಆ ಹೆಸರು ಸೂಚಿಸಿದರು. ಒಂದು ಕೋಶದಲ್ಲಿ ಒಂದೇ ಬಿಟ್ ಇಡುತ್ತಿದ್ದ ಹಳೆಯ ದುಬಾರಿ ಬಗೆ ಸುಮಾರು 1 ಲಕ್ಷ ಸಲ ಅಳಿಸಿ ಬರೆಯುವುದನ್ನು ತಾಳುತ್ತಿತ್ತು. ಮೂರು ಬಿಟ್ ತುರುಕುವ ಈಗಿನ ಅಗ್ಗದ ಬಗೆ ತಾಳುವುದು ಸಾವಿರದಿಂದ ಮೂರು ಸಾವಿರ ಸಲ. ಕಾರ್ಡಿನೊಳಗೊಂದು ಪುಟ್ಟ ಚಿಪ್ಪು ಕೂತು, ಒಂದೇ ಜಾಗ ಸವೆಯದಂತೆ ಬರಹವನ್ನು ಅಲ್ಲಿಲ್ಲಿ ಹಂಚುತ್ತಿರುತ್ತದೆ. ಹಾಗಾಗಿಯೇ ನಾವು ನಾಲ್ಕಾರು ವರ್ಷ ನಿಶ್ಚಿಂತೆಯಿಂದಿರುತ್ತೇವೆ. ಆದರೆ ನಾವು ಒಂದು ಅಕ್ಷರ ತಿದ್ದಿದರೂ ಆ ಚಿಪ್ಪು ಒಳಗೆ ಎಷ್ಟನ್ನು ಎತ್ತಿಟ್ಟು, ಎಷ್ಟನ್ನು ಅಳಿಸಿ, ಎಷ್ಟನ್ನು ಮರಳಿ ಬರೆಯಬೇಕಾಗುತ್ತದೆ ಎಂಬುದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ.

ಸತ್ತ ಕಾರ್ಡಿಗೆ ಬರೆಯಲು ಬರುತ್ತಿರಲಿಲ್ಲ, ಓದಲು ಬರುತ್ತಿತ್ತು. ಫ್ಲ್ಯಾಶ್ ಸಾಯುವಾಗ ಎಷ್ಟೋ ಸಲ ಈ ಒಂದು ಉಪಕಾರ ಮಾಡುತ್ತದೆ. ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಹಾಡುಗಳಿಗೆಂದೇ ನಾನು ಬೇರೆ ವಿಭಾಗ ಮಾಡಿದ್ದೆ. ಅದರಲ್ಲಿದ್ದ ಎಕ್ಸ್ಟ್‌4 ಎಂಬ ಫೈಲ್‌ಸಿಸ್ಟಮ್ ತನ್ನ ಆಯುಷ್ಯದಲ್ಲಿ ಒಟ್ಟು ಎಷ್ಟು ಬರೆಯಲಾಗಿದೆ ಎಂಬ ಲೆಕ್ಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ತುಂಬಿಸಿದ್ದು 28 ಜಿಬಿ. ಆಮೇಲೆ ಒಂದು ಹಾಡನ್ನೂ ಸೇರಿಸಿಲ್ಲ, ಒಂದನ್ನೂ ಅಳಿಸಿಲ್ಲ. ಲೆಕ್ಕ 31 ಜಿಬಿ ತೋರಿಸುತ್ತಿತ್ತು. ಯಾರೂ ಏನೂ ಬರೆಯದ ಜಾಗದಲ್ಲಿ 3 ಜಿಬಿ ಬರಹ ಎಲ್ಲಿಂದ ಬಂತು?

ಪೈ ನಡೆಸುವ ಲಿನಕ್ಸ್ ಅನುಸರಿಸುವುದು ಯೂನಿಕ್ಸ್ ಪದ್ಧತಿಯನ್ನು; ಉತ್ತರ 1970ರ ದಶಕದ ಆ ಯೂನಿಕ್ಸಿನಲ್ಲಿದೆ. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಜೊತೆಗಾರರು ಕಟ್ಟಿದ ಆ ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ ಒಂದು ಜಾತಕವಿರುತ್ತದೆ, ಐನೋಡ್ ಎಂದು ಅದರ ಹೆಸರು. ಫೈಲಿನ ಒಡೆಯ ಯಾರು, ಎಷ್ಟು ದೊಡ್ಡದು, ಡಿಸ್ಕಿನಲ್ಲಿ ಎಲ್ಲೆಲ್ಲಿದೆ ಎಂಬುದರ ಜೊತೆಗೆ ಮೂರು ಹೊತ್ತುಗಳು. ಎಮ್‌ಟೈಮ್ ಎಂದರೆ ಒಳಗಿನ ವಿಷಯ ತಿದ್ದಿದ ಹೊತ್ತು. ಸಿಟೈಮ್ ಎಂದರೆ ಜಾತಕವನ್ನೇ ತಿದ್ದಿದ ಹೊತ್ತು; ಹುಟ್ಟಿದ ಹೊತ್ತೆಂದು ತುಂಬ ಜನ ತಪ್ಪು ತಿಳಿಯುತ್ತಾರೆ. ಮೂರನೆಯದು ಎಟೈಮ್, ಫೈಲನ್ನು ಕೊನೆಯ ಸಲ ಓದಿದ ಹೊತ್ತು. ನೋಡಿ, ಇಲ್ಲಿದೆ ಗಂಟು. ಓದಿದ ಹೊತ್ತನ್ನು ಗುರುತಿಟ್ಟುಕೊಳ್ಳಬೇಕಾದರೆ ಬರೆಯಲೇಬೇಕು. ಅಲ್ಲಿಗೆ ಪ್ರತಿ ಓದೂ ಒಂದು ಬರಹ.

ಮೊದಲು ನನಗೆ ಈ ಎಟೈಮಿನ ಮೇಲೆ ಸಿಟ್ಟು ಬರಲಿಲ್ಲ, ಆಸೆ ಹುಟ್ಟಿತು. ಅಮ್ಮ ಅಪ್ಪನ ಯಾವ ಕ್ಯಾಸೆಟ್ಟನ್ನು ಯಾವಾಗ ಕೇಳುತ್ತಿದ್ದಳು ಎಂದು ಈ ಹೊತ್ತುಗಳು ಹೇಳಬಹುದಲ್ಲ! ಕೇಳಿದರೆ ಅವಳು ಬಾಯಿಬಿಟ್ಟು ಹೇಳುವವಳಲ್ಲ. ಸತ್ತ ಕಾರ್ಡಿನ ಮೇಲೆ 'ಸ್ಟ್ಯಾಟ್' ಎಂಬ ಆಜ್ಞೆ ಕೊಟ್ಟು ಒಂದೊಂದೇ ಫೈಲಿನ ಜಾತಕ ತೆಗೆಸಿದೆ. ಅಪ್ಪನ ಮೊದಲ ಕ್ಯಾಸೆಟ್ಟು: ತಿದ್ದಿದ್ದು 2016ರಲ್ಲಿ, ಓದಿದ್ದು ಕಾರ್ಡು ಸತ್ತ ದಿನ ಬೆಳಗಿನ ಜಾವ 3 ಗಂಟೆ 4 ನಿಮಿಷ. ಎದೆ ಒಮ್ಮೆ ಧಸಕ್ಕೆಂದಿತು. ಬೆಳಗಿನ ಜಾವ ಮೂರಕ್ಕೆ ಎದ್ದು ಕೂತು ಅಮ್ಮ ಒಬ್ಬಳೇ ಇದನ್ನು ಕೇಳಿದಳೇ? ಎರಡನೆಯ ಫೈಲು: 3 ಗಂಟೆ 4 ನಿಮಿಷ. ಮೂರನೆಯದೂ ಅಷ್ಟೇ. ಅಜ್ಜಿಯ ಸೋಬಾನೆ, 3 ಗಂಟೆ 5 ನಿಮಿಷ. ಅವಳು ಎಂದೂ ಕೇಳದ ನನ್ನ ಸಿನಿಮಾ ಹಾಡುಗಳದ್ದೂ ಅದೇ ಹೊತ್ತು.

ಆಗ ಅರ್ಥವಾಯಿತು. ಹಾಡು ನುಡಿಸುವ ತಂತ್ರಾಂಶದಲ್ಲಿ ಒಂದು ಭಾಗ ದಿನಾ ರಾತ್ರಿ ಮೂರಕ್ಕೆ ಎದ್ದು ಎಲ್ಲ ಫೈಲುಗಳನ್ನೂ ತೆರೆದು, ಹಾಡಿನ ಹೆಸರು ಗಾಯಕರ ಹೆಸರು ಓದಿ, ಪಟ್ಟಿ ಸರಿಯಿದೆಯೇ ನೋಡಿ ಮಲಗುತ್ತಿತ್ತು. ಆ ಕಾವಲುಗಾರನ ಹೆಜ್ಜೆಯೇ ಪ್ರತಿ ಫೈಲಿನ ಮೇಲೂ ಬಿದ್ದಿದ್ದು. ಅಮ್ಮ ಸಂಜೆ ಏಳಕ್ಕೆ ಕೇಳಿದ್ದು ಎಲ್ಲೂ ಇಲ್ಲ. ಓದಿದವರು ಯಾರೆಂದು ಎಟೈಮಿಗೆ ಗೊತ್ತಿಲ್ಲ. ಮನುಷ್ಯರೂ ಅದಕ್ಕೊಂದೇ, ರಾತ್ರಿಯ ಕಾವಲೂ ಒಂದೇ. 6,000 ಫೈಲಿಗೆ ಮೂರು ವರ್ಷ ದಿನಾ ಬರೆದ ಲೆಕ್ಕದಲ್ಲಿ ನಾನು ತಿಳಿಯಬಯಸಿದ ಒಂದೇ ಒಂದು ಸಂಗತಿ ಇರಲಿಲ್ಲ.

ಇಷ್ಟಕ್ಕೆ ತೆತ್ತ ಬೆಲೆ ನೋಡಿ. ಎಕ್ಸ್ಟ್‌4ರಲ್ಲಿ ಒಂದು ಜಾತಕ 256 ಬೈಟು. ಅದರಲ್ಲಿ ಎಟೈಮಿನ ಪಾಲು 8 ಬೈಟು. ಆದರೆ ಡಿಸ್ಕಿಗೆ ಹೋಗುವಾಗ 8 ಬೈಟು ಮಾತ್ರ ಹೋಗುವುದಿಲ್ಲ, 16 ಜಾತಕಗಳಿರುವ 4,096 ಬೈಟಿನ ಇಡೀ ತುಂಡು ಹೋಗಬೇಕು. ಅದೂ ಎರಡು ಸಲ. ಏಕೆಂದರೆ ಈ ಫೈಲ್‌ಸಿಸ್ಟಮ್ ನಮ್ಮ ಹಳೆಯ ಅಂಗಡಿಗಳ ಹಾಗೆ ಕಿರ್ದಿ, ಖಾತೆ ಎರಡನ್ನೂ ಇಡುತ್ತದೆ. ಮೊದಲು ಜರ್ನಲ್ ಎಂಬ ಕಿರ್ದಿಯಲ್ಲಿ ಬರೆದು, ಆಮೇಲೆ ಖಾತೆಯ ಜಾಗದಲ್ಲಿ ಬರೆಯುತ್ತದೆ. ಕರೆಂಟು ನಡುವೆ ಹೋದರೆ ಕಿರ್ದಿ ನೋಡಿ ಖಾತೆ ಸರಿಮಾಡಿಕೊಳ್ಳುತ್ತದೆ. 6,000 ಫೈಲಿಗೆ ಕಡಿಮೆಯೆಂದರೂ 375 ತುಂಡು, ಎರಡು ಸಲಕ್ಕೆ ರಾತ್ರಿಗೆ ಸುಮಾರು 3 ಎಂಬಿ. ಮೂರು ವರ್ಷಕ್ಕೆ 3 ಜಿಬಿ. ಲೆಕ್ಕ ಸರಿಹೋಯಿತು. ರಾತ್ರಿಗೆ 3 ಎಂಬಿ ಬರಹ ಕಾರ್ಡನ್ನು ಕೊಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಕೊಂದದ್ದು ಯಾವುದೆಂದು ಮುಂದೆ ಬರುತ್ತೇನೆ. ಆದರೆ ಯಾರೂ ಓದದ ಲೆಕ್ಕಕ್ಕಾಗಿ ಒಂದು ಬೈಟು ಬರೆಯುವುದೂ ನನ್ನ ದೃಷ್ಟಿಯಲ್ಲಿ ದಂಡವೇ.

ಇದನ್ನು ನನಗಿಂತ ಎಷ್ಟೋ ಮೊದಲು ಬಲ್ಲವರು ಕಂಡುಕೊಂಡಿದ್ದರು. ಲಿನಕ್ಸ್ ಕರ್ನಲ್ಲಿನ ದೊಡ್ಡ ಕೆಲಸಗಾರ, ಹಂಗೇರಿಯ ಇಂಗೊ ಮೊಲ್ನಾರ್ 2007ರಲ್ಲೇ ಎಟೈಮ್ ಪದ್ಧತಿಯನ್ನು ಯೂನಿಕ್ಸಿನ ಅತ್ಯಂತ ಅವಿವೇಕದ ಯೋಚನೆಗಳಲ್ಲೊಂದೆಂದು ಕಟುವಾಗಿ ಖಂಡಿಸಿದ್ದರು. ಆಗ ಕಾರ್ಡಿನ ಚಿಂತೆಗಿಂತ ತಿರುಗುವ ಡಿಸ್ಕಿನ ಚಿಂತೆ ದೊಡ್ಡದು. ಲ್ಯಾಪ್‌ಟಾಪಿನ ಡಿಸ್ಕು ಮಲಗಿ ಬ್ಯಾಟರಿ ಉಳಿಸೋಣವೆಂದರೆ, ಮೆಮೊರಿಯಲ್ಲೇ ಇದ್ದ ಫೈಲನ್ನು ಓದಿದರೂ ಎಟೈಮ್ ಬರೆಯುವುದಕ್ಕಾಗಿ ಡಿಸ್ಕನ್ನು ಎಬ್ಬಿಸಬೇಕಾಗುತ್ತಿತ್ತು. ಹಾಗೆಂದು ಏಕಾಏಕಿ ಕಿತ್ತುಹಾಕುವಂತೆಯೂ ಇರಲಿಲ್ಲ. ಮಟ್ ಎಂಬ ಹಳೆಯ ಮಿಂಚಂಚೆ ತಂತ್ರಾಂಶ, ಅಂಚೆಪೆಟ್ಟಿಗೆಯ ಫೈಲನ್ನು ಓದಿದ ಹೊತ್ತಿಗಿಂತ ತಿದ್ದಿದ ಹೊತ್ತು ಈಚಿನದಾಗಿದ್ದರೆ ಹೊಸ ಅಂಚೆ ಬಂದಿದೆ ಎಂದು ತಿಳಿಯುತ್ತಿತ್ತು. ತಾತ್ಕಾಲಿಕ ಫೈಲುಗಳನ್ನು ಗುಡಿಸುವ ತಂತ್ರಾಂಶಗಳು ಬಹುದಿನ ಯಾರೂ ಮುಟ್ಟದ್ದು ಯಾವುದೆಂದು ಎಟೈಮ್ ನೋಡಿಯೇ ಗುರುತಿಸುತ್ತಿದ್ದವು.

ಎಟೈಮನ್ನು ಇಡುವುದು, ಕೀಳುವುದು ಇವೆರಡರ ನಡುವೆ ದಾರಿ ಹುಡುಕಿದ ಹೆಣ್ಣುಮಗಳು ವ್ಯಾಲರೀ ಅರೋರಾ. ಅವರು ಬರೆದ ರೆಲಟೈಮ್ 2007ರ 2.6.20 ಕರ್ನಲ್ಲಿನಲ್ಲಿ ಬಂತು. ಅದರ ನಿಯಮ ಸರಳ: ಫೈಲು ತಿದ್ದಿದ ಮೇಲೆ ಮೊದಲ ಸಲ ಓದಿದಾಗ ಮಾತ್ರ ಎಟೈಮ್ ಬರೆ, ಮತ್ತೆ ಮತ್ತೆ ಓದಿದ್ದಕ್ಕೆ ಬರೆಯಬೇಡ. ಅಂಚೆ ನೋಡುವವರಿಗೆ ಅಷ್ಟು ಸಾಕು. ಗುಡಿಸುವವರಿಗಾಗಿ ಮ್ಯಾಥ್ಯೂ ಗ್ಯಾರೆಟ್ ಇನ್ನೊಂದು ಮಾತು ಸೇರಿಸಿದರು: ಹಳೆಯ ಎಟೈಮ್‌ಗೆ 24 ಗಂಟೆ ತುಂಬಿದ್ದರೆ ಬರೆ. 2009ರ 2.6.30ರಿಂದ ಲಿನಕ್ಸಿನಲ್ಲಿ ಇದೇ ರೂಢಿಯ ಪದ್ಧತಿ. ಒಳ್ಳೆಯ ಹೊಂದಾಣಿಕೆ, ನನಗೆ ಅದರ ಮೇಲೆ ಗೌರವವಿದೆ. ಆದರೆ ನಮ್ಮ ಮನೆಯ ಕಾವಲುಗಾರ ದಿನಕ್ಕೊಂದು ಸಲ ಬರುವವನು. 24 ಗಂಟೆಯ ಬಾಗಿಲು ತೆರೆಯುವ ಹೊತ್ತಿಗೇ ಬಂದು ಮುದ್ರೆ ಒತ್ತಿ ಹೋಗುತ್ತಿದ್ದ. ಸಂಜೆ ಅಮ್ಮ ಕೇಳುವಾಗ ಮುದ್ರೆ ಇನ್ನೂ ಹೊಸದು, ಅವಳದ್ದು ಬೀಳುತ್ತಿರಲಿಲ್ಲ.

ಪೂರ್ತಿ ನಿಲ್ಲಿಸುವ ಮಾತು ನೋಎಟೈಮ್. ಫೈಲ್‌ಸಿಸ್ಟಮನ್ನು ಮೌಂಟ್ ಮಾಡುವಾಗ, ಅಂದರೆ ಡಿಸ್ಕಿನ ವಿಭಾಗವನ್ನು ಕೆಲಸಕ್ಕೆ ಹಚ್ಚುವಾಗ, ಈ ಮಾತು ಹೇಳಿದರೆ ಓದಿದ್ದಕ್ಕೆ ಬರೆಯುವುದು ನಿಲ್ಲುತ್ತದೆ. ಫೋಲ್ಡರುಗಳಿಗೂ ಇದೇ ಅನ್ವಯ. ಬೇರೆಯಾಗಿ ನೋಡಿರ್‌ಎಟೈಮ್ ಸೇರಿಸಬೇಕಿಲ್ಲ. ರಾಸ್ಪ್‌ಬೆರಿ ಪೈನವರು ತಮ್ಮ ಮೂಲ ವಿಭಾಗಕ್ಕೆ ಇದನ್ನು ಮೊದಲೇ ಹಾಕಿ ಕೊಡುತ್ತಾರೆ. ಹಾಡಿನ ವಿಭಾಗವನ್ನು ಮೌಂಟ್ ಮಾಡುವ ಸಾಲನ್ನು ಬರೆದವನು ನಾನು. ಅಲ್ಲಿ 'ಡಿಫಾಲ್ಟ್ಸ್' ಎಂದಷ್ಟೇ ಬರೆದಿದ್ದೆ. ಹೊಸ ಡಿಸ್ಕು ಸೇರಿಸುವ ಅನೇಕರು ಮರೆಯುವುದು ಅಂಥ ಸಾಲಿನಲ್ಲಿ ನೋಎಟೈಮ್ ಹಾಕುವುದನ್ನೇ.

ಹೊತ್ತು ಉಳಿಸಿಕೊಳ್ಳಲೇಬೇಕು ಎನ್ನುವವರಿಗೆ ಲೇಜಿಟೈಮ್ ಇದೆ. ಟೆಡ್ ಚೋ ಅವರ ಕೆಲಸ, 2015ರ 4.0 ಕರ್ನಲ್ಲಿನಲ್ಲಿ ಸೇರಿತು. ಹೊತ್ತುಗಳನ್ನು ಮೆಮೊರಿಯಲ್ಲೇ ಇಟ್ಟುಕೊಂಡು, ಆ ಜಾತಕವನ್ನು ಬೇರೆ ಕಾರಣಕ್ಕೆ ಬರೆಯಬೇಕಾಗಿ ಬಂದಾಗಲೋ ದಿನಕ್ಕೊಮ್ಮೆಯೋ ಡಿಸ್ಕಿಗೆ ಇಳಿಸುತ್ತದೆ. ಪೇಟೆಗೆ ಹೇಗೂ ಹೋಗುವಾಗ ಪಕ್ಕದ ಮನೆಯವರ ಸಾಮಾನನ್ನೂ ತಂದುಕೊಟ್ಟ ಹಾಗೆ.

ಇನ್ನು ಕಾರ್ಡನ್ನು ಕೊಂದದ್ದು. ಮೂಲ ವಿಭಾಗದ ಲೆಕ್ಕ ತೆಗೆದಾಗ ಹಾಡಿನ ವಿಭಾಗದ ಹತ್ತಾರು ಪಟ್ಟು ಬರಹ ಅಲ್ಲಿತ್ತು. ನುಡಿಸುವ ತಂತ್ರಾಂಶ ತಾನು ಬದುಕಿದ್ದೇನೆ ಎಂದು ಹೇಳಲು ಕೆಲವೇ ಸೆಕೆಂಡಿಗೊಂದು ಸಾಲು ದಾಖಲೆಗೆ ಸೇರಿಸುತ್ತಿತ್ತು. ಹಗಲೂ ರಾತ್ರಿ, ಅಮ್ಮ ಊರಲ್ಲಿಲ್ಲದ ದಿನವೂ. ಇದು ಸಣ್ಣವರ ಮನೆಯ ಕಥೆಯಷ್ಟೇ ಅಲ್ಲ. 2021ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಟೆಸ್ಲಾ ಕಂಪನಿ ತನ್ನ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳಲ್ಲಿ ಸುಮಾರು 1,35,000ವನ್ನು ಹಿಂದಕ್ಕೆ ಕರೆಸಬೇಕಾಯಿತು. ಆ ಕಾರುಗಳ ನಡುವಿನ ಪರದೆಯನ್ನು ನಡೆಸುವ ಕಂಪ್ಯೂಟರಿನಲ್ಲಿ 8 ಜಿಬಿ ಫ್ಲ್ಯಾಶ್ ಇತ್ತು. ಬರೆದು ಬರೆದು ಅದು ಸವೆದು, ಪರದೆ ಕಪ್ಪಾಗಿ, ಹಿಂದಿನ ಕ್ಯಾಮೆರಾದ ಚಿತ್ರವೂ ಕಾಣದಾಯಿತು. ಅಷ್ಟು ದುಬಾರಿ ಕಾರಿನಲ್ಲೂ ಮೊದಲು ಸತ್ತದ್ದು ಬೆರಳ ತುದಿಯಷ್ಟಿನ ಒಂದು ಚಿಪ್ಪು.

ನಾನು ಮಾಡಿದ್ದು ಇಷ್ಟು. ಆ ತಂತ್ರಾಂಶದ ದಾಖಲೆಯನ್ನೂ ತಾತ್ಕಾಲಿಕ ಫೈಲುಗಳ ಜಾಗವನ್ನೂ ಟಿಎಂಪಿಎಫ್‌ಎಸ್‌ಗೆ ಹಾಕಿದೆ. ಅದು ಮೆಮೊರಿಯಲ್ಲೇ ಇರುವ ಫೈಲ್‌ಸಿಸ್ಟಮ್. ಕರೆಂಟು ಹೋದರೆ ಎಲ್ಲ ಹೋಗುತ್ತದೆ, ಹೋಗಲಿ. ಹಾಡಿನ ವಿಭಾಗಕ್ಕೆ ನೋಎಟೈಮ್ ಸಹ ಸಾಲದೆನಿಸಿತು, ಅದನ್ನು ಬರೀ ಓದುವುದಕ್ಕೆಂದೇ ಮೌಂಟ್ ಮಾಡಿದೆ. ಆರ್‌ಓ ಎಂಬ ಎರಡು ಅಕ್ಷರ ಬರೆಯುವಾಗ ಅಪ್ಪನ ಸ್ಕ್ರೂಡ್ರೈವರು ನೆನಪಾಯಿತು. ಕ್ಯಾಸೆಟ್ಟಿನ ಕಿವಿ ಮುರಿದಂತೆಯೇ ಇದು.

ಕೆಲವನ್ನು ನಾನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ ಎನ್ನುತ್ತೇನೆ. ಕಮಿಟ್ ಎಂಬ ಒಂದು ಮಾತಿದೆ; ಎಕ್ಸ್ಟ್‌4 ತನ್ನ ಕಿರ್ದಿಯನ್ನು 5 ಸೆಕೆಂಡಿಗೊಮ್ಮೆ ಮುಗಿಸುತ್ತದೆ, ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ತನ್ನ ಬರಹವನ್ನು 30 ಸೆಕೆಂಡಿಗೊಮ್ಮೆ. ಇದನ್ನು 600ಕ್ಕೆ ಏರಿಸಿದರೆ ಬರಹ ಕಡಿಮೆಯಾಗುತ್ತದೆ, ನಿಜ. ಕರೆಂಟು ಹೋದರೆ ಹತ್ತು ನಿಮಿಷದ ಕೆಲಸವೂ ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಆ ಜೂಜು ಆಡಬಾರದು. 30, ಹೆಚ್ಚೆಂದರೆ 60, ಅದೂ ಮುಖ್ಯವಾದ ಬರವಣಿಗೆ ಇಲ್ಲದ ಯಂತ್ರದಲ್ಲಿ. ಬ್ಯಾರಿಯರ್ ತೆಗೆದುಹಾಕಿದರೆ ವೇಗ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಿರ್ದಿ ಮೊದಲು, ಖಾತೆ ಆಮೇಲೆ ಎಂಬ ಕ್ರಮವನ್ನು ಕಾಯುವುದೇ ಅದು. ಜರ್ನಲನ್ನೇ ತೆಗೆದುಬಿಡಿ ಎನ್ನುವವರೂ ಇದ್ದಾರೆ. ಎಟೈಮ್ ಯಾರಿಗೂ ಬೇಡದ ಬರಹ, ಜರ್ನಲ್ ಕಷ್ಟಕಾಲಕ್ಕೆ ಆಗುವ ಬರಹ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಈ ಮಾತುಗಳನ್ನೆಲ್ಲ ಬರೆಯುವ ಜಾಗ ಎಫ್‌ಎಸ್‌ಟ್ಯಾಬ್ ಎಂಬ ಒಂದು ಸಣ್ಣ ಫೈಲು. ಸಾಲಿಗೆ ಆರು ಅಂಕಣ, ನಾಲ್ಕನೆಯದು ನಮ್ಮದು. ಮಾತು ಮಾತಿನ ನಡುವೆ ಅಲ್ಪವಿರಾಮ ಹಾಕಬೇಕು, ಜಾಗ ಬಿಡಬಾರದು. ಬಿಟ್ಟರೆ ಅದು ಐದನೆಯ ಅಂಕಣವಾಗಿ, ಯಂತ್ರ ಏಳುವಾಗ ಮುಗ್ಗರಿಸೀತು. ಬರೆದಿಡುವ ಮೊದಲು ರೀಮೌಂಟ್ ಮಾಡಿ ನೋಡಿ. ಸರಿಬಂದರೆ ಆಮೇಲೆ ಫೈಲಿಗೆ ಸೇರಿಸಿ.

ಅಮ್ಮನಿಗೆ ಹೊಸ ಕಾರ್ಡು ಹಾಕಿ ಕೊಟ್ಟಾಗ ಇದನ್ನೆಲ್ಲ ಸಂಕ್ಷೇಪವಾಗಿ ಹೇಳಿದೆ. ಪೂರ್ತಿ ಕೇಳಿ, "ಕೇಳಿದ್ದಕ್ಕೂ ಬರ್ಕೊಳ್ತಿತ್ತಾ ಅದು? ಯಾರಿಗ್ ತೋರ್ಸಕ್ಕೆ?" ಎಂದಳು. ಪಕ್ಕದಲ್ಲಿದ್ದ ಅಕ್ಕನ ಮಗ, "ಮಾವ, ಹಳೇ ಕಾರ್ಡು ಓದಕ್ಕೂ ಬರದಿದ್ದಿದ್ರೆ?" ಎಂದ. ನಮ್ಮ ಪುಣ್ಯಕ್ಕೆ ಹಾಗಾಗಲಿಲ್ಲ. ಆಗಿದ್ದರೂ 2016ರಲ್ಲೇ ಅಕ್ಕನ ಮನೆಯ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇಟ್ಟಿದ್ದೆವು. ಯಾವ ಮೌಂಟ್ ಆಯ್ಕೆಯೂ ಆ ಎರಡನೆಯ ಪ್ರತಿಗೆ ಬದಲಿಯಾಗಲಾರದು. ನಿಮ್ಮ ಮನೆಯಲ್ಲೂ ಇಂಥ ದನಿಗಳಿದ್ದರೆ, ಈ ನೋಎಟೈಮ್ ಪುರಾಣಕ್ಕೆ ಕೈಹಾಕುವ ಮೊದಲು, ಇವತ್ತೇ ಇನ್ನೊಂದು ಡಿಸ್ಕಿಗೆ ಒಂದು ಪ್ರತಿ ಮಾಡಿ, ಬೇರೆ ಮನೆಯಲ್ಲಿಡಿ.